ಥರ್ಮೋವ್ಯಾಕ್ ಪರೀಕ್ಷೆಯಲ್ಲಿ ಬಂದುಹೋಗುವ ಡೇಟಾ ಬಸ್ ದೋಷ: ಪತ್ತೆಹಚ್ಚುವ ಕ್ರಮ

ಉಪಗ್ರಹದ ಜೋಡಣೆ ಮುಗಿದಿರುತ್ತದೆ, ಕ್ಲೀನ್‌ರೂಮಿನ ಸಾಮಾನ್ಯ ತಾಪದಲ್ಲಿ ಎಲ್ಲ ಪರೀಕ್ಷೆಗಳೂ ಸರಿಯಾಗಿ ನಡೆದಿರುತ್ತವೆ. ಥರ್ಮೋವ್ಯಾಕ್ ಚೇಂಬರಿನೊಳಗೆ, ಅಂದರೆ ಗಾಳಿ ತೆಗೆದು ಬಿಸಿ-ತಂಪು ಮಾಡಿ ಪರೀಕ್ಷಿಸುವ ಕೋಣೆಯೊಳಗೆ, ತಾಪ ಇಳಿಯತೊಡಗಿದ ಮೇಲೆ ಒಂದು ಪ್ಯಾಕೇಜ್ (ಉಪಗ್ರಹದ ಒಂದು ಎಲೆಕ್ಟ್ರಾನಿಕ್ ಪೆಟ್ಟಿಗೆ), ನಕ್ಷತ್ರಗಳನ್ನು ನೋಡಿ ದಿಕ್ಕು ತಿಳಿಯುವ ಸ್ಟಾರ್ ಸೆನ್ಸರ್ ಎಂದಿಟ್ಟುಕೊಳ್ಳೋಣ, ಪ್ಯಾಕೇಜುಗಳೆಲ್ಲ ಮಾಹಿತಿ ವಿನಿಮಯಕ್ಕೆ ಹಂಚಿಕೊಳ್ಳುವ ಡೇಟಾ ಬಸ್ಸಿನ ಮೇಲೆ ಆಗಾಗ ಉತ್ತರಿಸುವುದನ್ನು ನಿಲ್ಲಿಸುತ್ತದೆ. ತಾಪ ಮತ್ತೆ ಏರುತ್ತಿದ್ದಂತೆ ಯಾರೂ ಮುಟ್ಟದೆಯೇ ಸರಿಹೋಗುತ್ತದೆ. ಉಪಗ್ರಹಗಳ ಜೋಡಣೆ ಮತ್ತು ಪರೀಕ್ಷೆಯ ಕೆಲಸದಲ್ಲಿರುವ ಎಲೆಕ್ಟ್ರಿಕಲ್ ಎಂಜಿನಿಯರಿಗೆ ಇದಕ್ಕಿಂತ ತಲೆನೋವಿನ ದೋಷ ಬೇರೆ ಇಲ್ಲ, ಏಕೆಂದರೆ ಚೇಂಬರ್ ತೆರೆದು ನೋಡುವ ಹೊತ್ತಿಗೆ ಅದು ಅಲ್ಲಿ ಇರುವುದೇ ಇಲ್ಲ. ಮಿಲ್-ಸ್ಟ್ಯಾಂಡರ್ಡ್ 1553ಬಿ ಎಂಬ ಅಮೆರಿಕದ ಸೇನಾ ಮಾನಕದ ಬಸ್ ಇರುವ ಉಪಗ್ರಹವೊಂದರಲ್ಲಿ ಇಂಥ ದೋಷವನ್ನು ಹಿಡಿಯುವ ಕ್ರಮವನ್ನು ಇಲ್ಲಿ ವಿವರಿಸಿದೆ.

ಬೆಂಗಳೂರಿನಲ್ಲಿ ಈ ಕೆಲಸ ಪೀಣ್ಯದ ಕೈಗಾರಿಕಾ ಶೆಡ್‌ಗಳಲ್ಲಿ ಆರಂಭವಾಯಿತು. ಅಲ್ಲಿ ಸಿದ್ಧವಾದ ಆರ್ಯಭಟ 1975ರ ಏಪ್ರಿಲ್ 19ರಂದು ಕಕ್ಷೆ ಸೇರಿತು. ಆದರೆ ವಿದ್ಯುತ್ ಪೂರೈಕೆಯಲ್ಲಿ ಬಂದ ದೋಷದಿಂದಾಗಿ ಅದರ ವೈಜ್ಞಾನಿಕ ಪ್ರಯೋಗಗಳು ಕೆಲವೇ ದಿನಗಳಲ್ಲಿ ನಿಂತುಹೋದವು. ಇಂದು ಮಾರತ್ತಹಳ್ಳಿಯ ಇಸ್ರೋ ಆವರಣದಲ್ಲಿ ದೊಡ್ಡ ಕ್ಲೀನ್‌ರೂಮುಗಳೂ ಚೇಂಬರುಗಳೂ ಇವೆ, ಖಾಸಗಿ ಕಂಪನಿಗಳೂ ಇದೇ ಊರಿನಲ್ಲಿ ಉಪಗ್ರಹ ಕಟ್ಟುತ್ತಿವೆ. ಸೌಕರ್ಯ ಎಷ್ಟೇ ಬೆಳೆದರೂ ಕಕ್ಷೆಗೆ ಹೋದ ಮೇಲೆ ಒಂದು ಸಡಿಲ ಪಿನ್ನನ್ನು ಒತ್ತಿ ಸರಿಪಡಿಸಲು ಬರುವುದಿಲ್ಲ. ಆದ್ದರಿಂದ ಕೆಳಗಿನ ಕ್ರಮವನ್ನು ಒಂದೇ ಆಧಾರದ ಮೇಲೆ ಹೆಣೆದಿದ್ದೇನೆ: ಏನನ್ನೂ ಅಲುಗಿಸದೆ ತಿಳಿಯಬಹುದಾದದ್ದನ್ನೆಲ್ಲ ಮೊದಲು ತಿಳಿಯಬೇಕು, ಕನೆಕ್ಟರಿಗೆ ಕೈ ಹಾಕುವುದು ಕಟ್ಟಕಡೆಗೆ.

ದೋಷ ಕಂಡ ಕೂಡಲೇ

ಪ್ಯಾಕೇಜ್ ಮೌನವಾದ ತಕ್ಷಣ ಅದನ್ನು ಆಫ್ ಮಾಡಿ ಆನ್ ಮಾಡಬೇಡಿ. ಉಪಗ್ರಹದ ಸುರಕ್ಷತೆಗೆ ಅಪಾಯವಿಲ್ಲವೆಂದು ಪರೀಕ್ಷೆ ನಡೆಸುವ ಟೆಸ್ಟ್ ಕಂಡಕ್ಟರ್ ಖಚಿತಪಡಿಸಿದರೆ ಸ್ಥಿತಿಯನ್ನು ಹಾಗೆಯೇ ಇರಗೊಡಬೇಕು, ತಾಪವನ್ನೂ ಅಲ್ಲೇ ನಿಲ್ಲಿಸಬೇಕು. ಪುನಃ ಆನ್ ಮಾಡಿದಾಗ ದೋಷ ಹೋದರೆ ಅದು ಸಂಪರ್ಕದ್ದೋ, ಪ್ರೊಸೆಸರ್ ಸ್ತಬ್ಧವಾದದ್ದೋ, ವಿಳಾಸದ ತಂತಿಯದ್ದೋ ಎಂಬ ವ್ಯತ್ಯಾಸವೇ ಅಳಿಸಿಹೋಗುತ್ತದೆ.

ಥರ್ಮೋವ್ಯಾಕ್ ಪರೀಕ್ಷೆ ಹಗಲು ರಾತ್ರಿ ಪಾಳಿಗಳಲ್ಲಿ ನಡೆಯುವುದರಿಂದ ದೋಷ ಕಂಡವರು ಒಬ್ಬರು, ವಿಶ್ಲೇಷಿಸುವವರು ಇನ್ನೊಬ್ಬರು ಆಗಿರುವುದೇ ಹೆಚ್ಚು. ‘ಎರಡು ಮೂರು ಸಲ ಹೋಗಿ ಬಂತು’ ಎಂದು ಬಾಯಿಮಾತಿನಲ್ಲಿ ಹೇಳಿ ಪಾಳಿ ಬಿಟ್ಟುಕೊಟ್ಟರೆ ಅದು ಯಾವ ಉಪಯೋಗಕ್ಕೂ ಬರುವುದಿಲ್ಲ. ಆ ಕ್ಷಣದಲ್ಲಿ ಯಾವ ಹೀಟರ್ ಆನ್ ಆಗಿತ್ತು, ಯಾವ ಕಮಾಂಡ್ ಹೋಗಿತ್ತು, ಪ್ಯಾಕೇಜಿನ ತಳದ ತಾಪ ಎಷ್ಟಿತ್ತು, ಅದು ಇಳಿಯುತ್ತಿತ್ತೋ ನಿಂತಿತ್ತೋ, ಇವೆಲ್ಲ ಲಾಗ್ ಪುಸ್ತಕದಲ್ಲಿ ಬರಹದಲ್ಲೇ ಇರಬೇಕು.

ಮುಂದಿನ ಕೆಲಸ ಬೇಸರದ್ದು, ಆದರೆ ಬಿಡುವಂತಿಲ್ಲ. ಟೆಲಿಮೆಟ್ರಿಗೆ, ಅಂದರೆ ಉಪಗ್ರಹ ಕಳಿಸುವ ತನ್ನ ಸ್ಥಿತಿಯ ಮಾಹಿತಿಗೆ, ಒಂದು ಗಡಿಯಾರ, ಚೇಂಬರಿನ ತಾಪ ದಾಖಲಿಸುವ ಥರ್ಮೋಕಪಲ್ ಲಾಗರಿಗೆ ಇನ್ನೊಂದು, ಬಸ್ಸಿನ ಸಂದೇಶಗಳನ್ನು ದಾಖಲಿಸುವ ಬಸ್ ಅನಲೈಸರಿಗೆ ಮತ್ತೊಂದು ಇರುತ್ತದೆ. ಟೆಲಿಮೆಟ್ರಿ ಯುಟಿಸಿಯಲ್ಲಿ (ಜಾಗತಿಕ ಕಾಲಮಾನದಲ್ಲಿ) ಇದ್ದು ಲಾಗರ್ ಭಾರತೀಯ ಕಾಲಮಾನದಲ್ಲಿದ್ದರೆ ಐದೂವರೆ ಗಂಟೆಯ ಅಂತರ ಯಾರ ಕಣ್ಣಿಗೂ ಬೀಳುತ್ತದೆ. ನಲವತ್ತು ಸೆಕೆಂಡಿನ ಅಂತರ ಬೀಳುವುದಿಲ್ಲ, ಹೀಟರ್ ಆನ್ ಆದದ್ದು ದೋಷಕ್ಕೆ ಮುಂಚೆಯೋ ಆಮೇಲೆಯೋ ಎಂಬುದನ್ನು ತಲೆಕೆಳಗು ಮಾಡುವುದು ಅದೇ. ಎಲ್ಲ ದಾಖಲೆಗಳಲ್ಲೂ ಕಾಣುವ ಒಂದು ಘಟನೆಯನ್ನು, ಉದಾಹರಣೆಗೆ ಒಂದು ದೊಡ್ಡ ಹೀಟರನ್ನು ಆನ್ ಮಾಡಿದ ಕ್ಷಣವನ್ನು, ಗುರುತಾಗಿಟ್ಟುಕೊಂಡು ಗಡಿಯಾರಗಳನ್ನು ಒಂದಕ್ಕೊಂದು ಹೊಂದಿಸಿದ ನಂತರವೇ ವಿಶ್ಲೇಷಣೆ ಆರಂಭಿಸಿ.

ಬಸ್ಸಿನಿಂದ ತಿಳಿಯುವುದೇನು

‘ಉತ್ತರ ಬರಲಿಲ್ಲ’ ಎಂಬ ಒಂದೇ ಸಾಲಿನ ಹಿಂದೆ ನಾಲ್ಕೈದು ಬೇರೆ ಬೇರೆ ದೋಷಗಳು ಅಡಗಿರಬಹುದು. ಅವನ್ನು ಚೇಂಬರ್ ತೆರೆಯದೆಯೇ ಬೇರ್ಪಡಿಸಲು ಸಾಧ್ಯವಿದೆ, ಆದ್ದರಿಂದ ಇಲ್ಲಿ ಆತುರಪಡಬಾರದು.

1553ಬಿ ಬಸ್ಸಿನಲ್ಲಿ ಬಸ್ ಕಂಟ್ರೋಲರ್ ಕಮಾಂಡ್ ಕಳಿಸುತ್ತದೆ, ಪ್ಯಾಕೇಜಿನೊಳಗಿನ ರಿಮೋಟ್ ಟರ್ಮಿನಲ್ ಅದಕ್ಕೆ ಉತ್ತರಿಸುತ್ತದೆ. ಬಸ್ ಜೋಡಿಯಾಗಿರುತ್ತದೆ: ‘ಎ’ ಮತ್ತು ‘ಬಿ’. ಪ್ಯಾಕೇಜ್ ‘ಎ’ ಬಸ್ಸಿನಲ್ಲಿ ಉತ್ತರಿಸದೆ ‘ಬಿ’ಯಲ್ಲಿ ಉತ್ತರಿಸಿದರೆ ಅದಕ್ಕೆ ವಿದ್ಯುತ್ ಇದೆ, ಅದರ ಪ್ರೊಸೆಸರ್ ಕೆಲಸ ಮಾಡುತ್ತಿದೆ, ವಿಳಾಸವೂ ಸರಿ ಇದೆ. ಹಾಗಾದಾಗ ಸಂಶಯ ‘ಎ’ ಬದಿಯ ಸಂದೇಶ ಕಳಿಸಿ ಪಡೆಯುವ ಟ್ರಾನ್ಸ್‌ಸೀವರ್, ಟ್ರಾನ್ಸ್‌ಫಾರ್ಮರ್, ಕನೆಕ್ಟರ್, ಸ್ಟಬ್ ಕೇಬಲ್ (ಮುಖ್ಯ ಬಸ್ಸಿನಿಂದ ಪ್ಯಾಕೇಜಿಗೆ ಬರುವ ಕವಲು) ಮತ್ತು ಕಪ್ಲರ್ (ಆ ಕವಲನ್ನು ಬಸ್ಸಿಗೆ ಸೇರಿಸುವ ಭಾಗ) ಇಷ್ಟಕ್ಕೇ ಸೀಮಿತವಾಗುತ್ತದೆ. ಅದೇ ಬಸ್ಸಿನ ಬೇರೆ ಪ್ಯಾಕೇಜುಗಳೂ ಅದೇ ಹೊತ್ತಿಗೆ ತಡವರಿಸುತ್ತಿದ್ದರೆ ದೋಷ ಸ್ಟಬ್‌ನಲ್ಲಿಲ್ಲ, ಮುಖ್ಯ ಬಸ್ಸಿನಲ್ಲಿ ಅಥವಾ ತುದಿಯ ಟರ್ಮಿನೇಟರಿನಲ್ಲಿ, ಅಂದರೆ ಅಲೆ ಪ್ರತಿಫಲಿಸದಂತೆ ಹಾಕುವ ರೆಸಿಸ್ಟರಿನಲ್ಲಿ, ಇದೆ.

ಎರಡೂ ಬಸ್ಸಿನಲ್ಲಿ ಒಟ್ಟಿಗೆ ಮೌನವಾದರೆ ಮೊದಲು ನೋಡಬೇಕಾದದ್ದು ಮುಖ್ಯ ವಿದ್ಯುತ್ ಬಸ್ಸಿನ (ಪ್ಯಾಕೇಜುಗಳಿಗೆ ವಿದ್ಯುತ್ ಒದಗಿಸುವ ತಂತಿಯ) ಕರೆಂಟ್. ಪ್ಯಾಕೇಜ್ ಎಳೆಯುವಷ್ಟು ಕರೆಂಟ್ ಆ ಕ್ಷಣದಲ್ಲಿ ಇಳಿದಿದ್ದರೆ ವಿದ್ಯುತ್ತೇ ಹೋಗಿದೆ. ಥರ್ಮೋಸ್ಟಾಟ್ ಹೀಟರುಗಳು ತಣ್ಣಗಿನ ಹಂತದಲ್ಲಿ ಪದೇಪದೇ ಆನ್ ಆಗುವುದರಿಂದ ಈ ಇಳಿತ ಮುಚ್ಚಿಹೋಗಬಹುದು. ಒಟ್ಟು ಕರೆಂಟನ್ನು ನೋಡಿ ಬಿಡದೆ ಹೀಟರುಗಳ ಪಾಲನ್ನು ಕಳೆದು ನೋಡಬೇಕು. ಕರೆಂಟ್ ಸ್ಥಿರವಾಗಿದ್ದೂ ಎರಡೂ ಬಸ್ಸಿನಲ್ಲಿ ಉತ್ತರವಿಲ್ಲವಾದರೆ ಅನೇಕರು ನೇರವಾಗಿ ಪ್ರೊಸೆಸರನ್ನು ದೂರುತ್ತಾರೆ. ಅದಕ್ಕೂ ಮೊದಲು ವಿಳಾಸದ ತಂತಿಗಳನ್ನು ನೆನಪಿಸಿಕೊಳ್ಳಿ. ಪ್ಯಾಕೇಜಿನ ವಿಳಾಸವನ್ನು ಸಾಮಾನ್ಯವಾಗಿ ಎದುರು ಕನೆಕ್ಟರಿನೊಳಗಿನ ಚಿಕ್ಕ ತಂತಿಗಳಾದ ಜಂಪರ್‌ಗಳ ಮೂಲಕ, ಐದು ವಿಳಾಸದ ಬಿಟ್‌ಗಳು ಮತ್ತು ಅವು ಸರಿಯೇ ಎಂದು ತಾಳೆ ನೋಡುವ ಒಂದು ಪ್ಯಾರಿಟಿ ಬಿಟ್ ಆಗಿ ಕೊಟ್ಟಿರುತ್ತಾರೆ. ಅವುಗಳಲ್ಲಿ ಒಂದು ಜಂಪರಿನ ಸಂಪರ್ಕ ತಪ್ಪಿದರೂ ಪ್ಯಾರಿಟಿ ಹೊಂದದೆ ಪ್ಯಾಕೇಜ್ ಯಾವ ಬಸ್ಸಿನಲ್ಲೂ ಉತ್ತರಿಸುವುದಿಲ್ಲ. ಕೆಲವು ವಿನ್ಯಾಸಗಳಲ್ಲಿ ವಿಳಾಸವನ್ನು ಆನ್ ಆಗುವಾಗ ಒಮ್ಮೆ ಮಾತ್ರ ಓದಲಾಗುತ್ತದೆ, ಕೆಲವುಗಳಲ್ಲಿ ನಿರಂತರವಾಗಿ ಓದಲಾಗುತ್ತದೆ. ನಿಮ್ಮ ಪ್ಯಾಕೇಜ್ ಯಾವ ಬಗೆಯದೆಂದು ಅದರ ವಿನ್ಯಾಸಕರನ್ನು ಕೇಳಿ ತಿಳಿಯಿರಿ.

ಮೌನದಲ್ಲೂ ಬಗೆಗಳಿವೆ. ನಿಯಮದಂತೆ ರಿಮೋಟ್ ಟರ್ಮಿನಲ್ 4ರಿಂದ 12 ಮೈಕ್ರೋಸೆಕೆಂಡಿನೊಳಗೆ ಉತ್ತರಿಸಬೇಕು. ಕಮಾಂಡ್ ಪದ ಸರಿಯಾಗಿ ತಲುಪಿ ಅದರ ಹಿಂದೆ ಬಂದ ಡೇಟಾ ಪದ ಕೆಟ್ಟಿದ್ದರೆ ಟರ್ಮಿನಲ್ ತನ್ನೊಳಗೆ ‘ಮೆಸೇಜ್ ಎರರ್’ ಬಿಟ್ ಎತ್ತಿಟ್ಟುಕೊಂಡು ಸುಮ್ಮನಿರುತ್ತದೆ. ಕಮಾಂಡ್ ಪದವೇ ಕೆಟ್ಟಿದ್ದರೆ ಅಥವಾ ತಲುಪದಿದ್ದರೆ ಅದಕ್ಕೆ ಏನೂ ಗೊತ್ತಾಗುವುದಿಲ್ಲ. ಆದ್ದರಿಂದ ಉತ್ತರ ತಪ್ಪಿದ ಕೂಡಲೇ ಬೇರಾವ ಕಮಾಂಡೂ ಹೋಗುವ ಮುನ್ನ ‘ಟ್ರಾನ್ಸ್‌ಮಿಟ್ ಸ್ಟೇಟಸ್ ವರ್ಡ್’ ಎಂಬ ಮೋಡ್ ಕಮಾಂಡನ್ನು ಇನ್ನೊಂದು ಬಸ್ಸಿನ ಮೂಲಕ ಕಳಿಸುವಂತೆ ಬಸ್ ಕಂಟ್ರೋಲರನ್ನು ಸಿದ್ಧಪಡಿಸಿಡಿ. ಆ ಕಮಾಂಡ್ ಹಳೆಯ ಸ್ಥಿತಿಯನ್ನು ಅಳಿಸದೆ ಓದಿಕೊಡುತ್ತದೆ. ಬಿಟ್ ಎದ್ದಿದ್ದರೆ ಸಂಕೇತದ ಅಲೆ ತುಂಡುತುಂಡಾಗಿ ತಲುಪುತ್ತಿದೆ. ಎದ್ದಿರದಿದ್ದರೆ ಕಮಾಂಡ್ ತಲುಪಿಯೇ ಇಲ್ಲ, ಅಥವಾ ತಲುಪಿ ಉತ್ತರವು ಬರುವ ದಾರಿಯಲ್ಲಿ ನಷ್ಟವಾಗಿದೆ.

ಅಲೆಯ ಎತ್ತರವನ್ನೂ ದಾಖಲಿಸಬೇಕು. ಟ್ರಾನ್ಸ್‌ಫಾರ್ಮರ್ ಮೂಲಕ ಜೋಡಿಸಿದ ಟರ್ಮಿನಲ್ 18ರಿಂದ 27 ವೋಲ್ಟ್‌ಗಳಷ್ಟು, ಶಿಖರದಿಂದ ಶಿಖರಕ್ಕೆ, ಹೊರಡಿಸಬೇಕು. ಪಡೆಯುವ ಟರ್ಮಿನಲ್ ಸ್ಟಬ್‌ನಲ್ಲಿ 0.86 ವೋಲ್ಟ್ ಸಿಕ್ಕರೂ ಕೆಲಸ ಮಾಡಲೇಬೇಕು. ಇಷ್ಟು ದೊಡ್ಡ ಅಂತರವಿರುವುದರಿಂದ ಸಂಪರ್ಕ ಸಾಕಷ್ಟು ಹದಗೆಡುವವರೆಗೂ ಸಂದೇಶಗಳು ಸರಿಯಾಗಿಯೇ ಸಾಗುತ್ತವೆ, ಟೆಲಿಮೆಟ್ರಿ ಹಸಿರಾಗಿಯೇ ಇರುತ್ತದೆ. ‘ಸಂದೇಶ ಬರುತ್ತಿದೆ, ಆದ್ದರಿಂದ ಕೇಬಲ್ ಚೆನ್ನಾಗಿದೆ’ ಎಂಬ ವಾದವನ್ನು ನಾನು ಒಪ್ಪುವುದಿಲ್ಲ. ಬಸ್ಸನ್ನು ಗಮನಿಸಲೆಂದೇ ಇರುವ ಮಾನಿಟರ್ ಸ್ಟಬ್ ಚೇಂಬರಿನ ಹೊರಗೆ ಬಂದಿದ್ದರೆ ಪ್ರತಿ ಟರ್ಮಿನಲ್ಲಿನ ಉತ್ತರದ ಎತ್ತರವನ್ನು ತಾಪದ ಜೊತೆಗೆ ಗ್ರಾಫ್ ಮಾಡಿ. ಉಳಿದವೆಲ್ಲ ಸಮತಟ್ಟಾಗಿದ್ದು ಒಂದು ಮಾತ್ರ ತಣ್ಣಗಾದಂತೆ ಕುಗ್ಗುತ್ತಿದ್ದರೆ ದೋಷ ಪೂರ್ಣವಾಗಿ ಪ್ರಕಟವಾಗುವ ಮೊದಲೇ ಸಿಕ್ಕಿಬೀಳುತ್ತದೆ. ಆದರೆ ನೋಡುವಾಗ ಎರಡು ತಂತಿಗಳ ನಡುವಿನ ವ್ಯತ್ಯಾಸ ಅಳೆಯುವ ಡಿಫರೆನ್ಷಿಯಲ್ ಪ್ರೋಬ್ ಬಳಸಲೇಬೇಕು. ಸಾಮಾನ್ಯ ಆಸಿಲೋಸ್ಕೋಪಿನ ನೆಲದ ಕ್ಲಿಪ್ ಗೋಡೆಯ ಅರ್ಥಿಂಗಿಗೆ ಸೇರಿರುತ್ತದೆ. ಅದನ್ನು ಬಸ್ಸಿನ ಒಂದು ತಂತಿಗೆ ಸಿಕ್ಕಿಸಿದರೆ ನೀವೇ ಹೊಸ ದೋಷವೊಂದನ್ನು ಸೇರಿಸಿದಂತಾಗುತ್ತದೆ.

ಉಪಗ್ರಹದ್ದೋ, ಹೊರಗಿನ ಸಲಕರಣೆಯದ್ದೋ

ಪರೀಕ್ಷಾ ವ್ಯವಸ್ಥೆಯೇ ಅಳತೆಯನ್ನು ಕೆಡಿಸಬಲ್ಲದು ಎಂಬುದಕ್ಕೆ ನಮ್ಮ ಊರಿನಲ್ಲೇ ಪ್ರಸಿದ್ಧ ಉದಾಹರಣೆ ಇದೆ. 1981ರಲ್ಲಿ ಉಡಾವಣೆಯಾದ ಆ್ಯಪಲ್ ಉಪಗ್ರಹದ ಆಂಟೆನಾ ಪರೀಕ್ಷೆಗೆ ಸುತ್ತ ಲೋಹವಿಲ್ಲದ ನೆಲೆ ಬೇಕಾಗಿತ್ತು. ಲೋಹದ ವಾಹನ ಅಲೆಗಳನ್ನು ಪ್ರತಿಫಲಿಸಿ ಅಳತೆಯನ್ನು ಹಾಳುಮಾಡುತ್ತದೆ ಎಂಬ ಕಾರಣಕ್ಕೆ ಉಪಗ್ರಹವನ್ನು ಎತ್ತಿನ ಗಾಡಿಯ ಮೇಲೆ ಇಟ್ಟು ಬಯಲಿಗೆ ಒಯ್ದರು. ಆ ಚಿತ್ರವನ್ನು ಬಡತನದ ಗುರುತೆಂದು ಹಂಚುವವರು ಬಹಳ ಮಂದಿ; ನನ್ನ ಮಟ್ಟಿಗೆ ಅದು ಅಳತೆಯನ್ನು ಕೆಡಿಸುವ ಮೂಲವನ್ನು ಮೊದಲೇ ಗುರುತಿಸಿ ದೂರವಿಟ್ಟ ಒಳ್ಳೆಯ ಎಂಜಿನಿಯರಿಂಗ್.

ತಂತಿಗಳು ಒಳಗಿಂದ ಹೊರಗೆ ಹಾಯುವ, ಚೇಂಬರಿನ ಗೋಡೆಯಲ್ಲಿರುವ ಫೀಡ್‌ಥ್ರೂ, ಅದರ ಒಳಬದಿಯ ಕೇಬಲ್, ಹೊರಗಿನ ಪರೀಕ್ಷಾ ಸಲಕರಣೆಯ ರ‍್ಯಾಕ್, ಇವು ಮೂರೂ ಸಂಶಯದ ಪಟ್ಟಿಯಲ್ಲಿ ಇರಲೇಬೇಕು. ಉಪಗ್ರಹದ ಆನ್‌ಬೋರ್ಡ್ ಕಂಪ್ಯೂಟರೇ ಬಸ್ ಕಂಟ್ರೋಲರ್ ಆಗಿದ್ದು, ಅದರ ಸ್ವಂತ ಎರರ್ ಲೆಕ್ಕವೂ ಹೊರಗಿನ ಮಾನಿಟರಿನ ಲೆಕ್ಕವೂ ಒಂದೇ ಆಗಿದ್ದರೆ ದೋಷ ಒಳಗೇ ಇದೆ. ಮಾನಿಟರ್ ಮಾತ್ರ ಎರರ್ ತೋರಿಸಿದರೆ ಅದು ಮಾನಿಟರಿನ ಕೇಬಲ್ಲಿನ ತೊಂದರೆ. ವಿದ್ಯುತ್ ಕಡಿತವಾಗಿ ಜನರೇಟರಿಗೆ ಬದಲಾದ ವೇಳೆಯನ್ನು ಕಟ್ಟಡದ ವಿದ್ಯುತ್ ವಿಭಾಗದಿಂದ ತರಿಸಿಕೊಂಡು ದೋಷದ ವೇಳೆಗಳೊಡನೆ ಹೋಲಿಸಿ. ರ‍್ಯಾಕುಗಳು ಯುಪಿಎಸ್ ಮೇಲೆ ಇದ್ದರೂ ಅರ್ಥಿಂಗ್ ಎಲ್ಲಕ್ಕೂ ಒಂದೇ.

ನಿರ್ವಾತದಲ್ಲಿ ಕೊರೋನಾ, ಅಂದರೆ ವಿರಳ ಗಾಳಿಯ ಮೂಲಕ ವಿದ್ಯುತ್ ವಿಸರ್ಜನೆ, ಆಗುತ್ತಿರಬಹುದೇ ಎಂಬ ಪ್ರಶ್ನೆ ಪ್ರತಿ ಪರಿಶೀಲನಾ ಸಭೆಯಲ್ಲೂ ಏಳುತ್ತದೆ. ಗಾಳಿಯಲ್ಲಿ ವಿಸರ್ಜನೆಗೆ ಬೇಕಾದ ಕನಿಷ್ಠ ವೋಲ್ಟೇಜ್ ಸುಮಾರು 327 ವೋಲ್ಟ್. ಅದಕ್ಕಿಂತ ಬಹಳ ಕೆಳಗಿರುವ ವಿದ್ಯುತ್ ಬಸ್ಸಿನಲ್ಲಾಗಲಿ 1553 ಬಸ್ಸಿನಲ್ಲಾಗಲಿ ಅದಕ್ಕೆ ಅವಕಾಶವಿಲ್ಲ. ಹೆಚ್ಚಿನ ವೋಲ್ಟೇಜಿನ ಟಿಡಬ್ಲ್ಯೂಟಿ (ರೇಡಿಯೋ ಸಂಕೇತವನ್ನು ವರ್ಧಿಸುವ ಕೊಳವೆ) ಇರುವ ಉಪಗ್ರಹವಾದರೆ ಮಾತ್ರ ಆ ದಿಕ್ಕಿನಲ್ಲಿ ಯೋಚಿಸಿ.

ತಾಪದೊಡನೆ ದೋಷದ ನಂಟು

ದೋಷ ಯಾವ ತಾಪದಲ್ಲಿ ಬಂತು ಎನ್ನುವುದರಷ್ಟೇ ಮುಖ್ಯವಾದದ್ದು ತಾಪ ಬದಲಾಗುತ್ತಿರುವಾಗ ಬಂತೋ, ಸ್ಥಿರವಾಗಿದ್ದಾಗ ಬಂತೋ ಎನ್ನುವುದು. ತಾಪ ಇಳಿಯುವಾಗ ಮತ್ತು ಏರುವಾಗ ಎರಡೂ ಸಲ ಬಂದು, ಸ್ಥಿರ ಹಂತದಲ್ಲಿ ಶಾಂತವಾಗಿದ್ದರೆ ವಸ್ತುಗಳು ಒಂದರ ಮೇಲೊಂದು ಜಾರುವ ಯಾಂತ್ರಿಕ ಸಂಪರ್ಕವನ್ನು ಶಂಕಿಸಬೇಕು. ಒಂದು ನಿರ್ದಿಷ್ಟ ತಾಪದ ಕೆಳಗೆ ಸದಾ ಇದ್ದು ಮೇಲೆ ಸದಾ ಇಲ್ಲದಿದ್ದರೆ ಬೆಸುಗೆಯ ಬಿರುಕು, ಕ್ರಿಸ್ಟಲ್ ಆಸಿಲೇಟರ್ ಹೊರಡದಿರುವುದು, ಇಂಥವು ಹೆಚ್ಚು ಸಂಭವ. ಬಿಸಿಯಲ್ಲಿ ಮಾತ್ರ ಬರುವ ದೋಷ ಸೋರಿಕೆ ಕರೆಂಟಿನದ್ದೋ ಸಮಯದ ಅಂಚಿನದ್ದೋ ಆಗಿರುವುದು ಹೆಚ್ಚು. ಅದರ ವಿಚಾರ ಇಲ್ಲಿ ಬೇಡ.

ಹಾರ್ನೆಸ್, ಅಂದರೆ ತಂತಿಗಳ ಕಂತೆ, ಯಾವ ಪ್ಯಾನೆಲಿನ ಮೇಲೆ ಕಟ್ಟಿದೆ ಎಂಬುದನ್ನು ಚೆನ್ನಾಗಿ ನೋಡಿ. ತಾಮ್ರ ಪ್ರತಿ ಡಿಗ್ರಿಗೆ ದಶಲಕ್ಷದಲ್ಲಿ ಸುಮಾರು 17 ಭಾಗ ಕುಗ್ಗುತ್ತದೆ, ಅಲ್ಯೂಮಿನಿಯಂ ಸುಮಾರು 23 ಭಾಗ, ಕಾರ್ಬನ್ ಫೈಬರ್ ಪ್ಯಾನೆಲ್ ಹೆಚ್ಚುಕಡಿಮೆ ಕುಗ್ಗುವುದೇ ಇಲ್ಲ. ಎರಡು ಮೀಟರ್ ಉದ್ದದ ಹಾರ್ನೆಸ್ 40 ಡಿಗ್ರಿ ತಣ್ಣಗಾದರೆ ತಾಮ್ರ ಸುಮಾರು 1.4 ಮಿಲಿಮೀಟರ್ ಕುಗ್ಗುತ್ತದೆ. ಅಡಿಯ ಅಲ್ಯೂಮಿನಿಯಂ 1.8 ಮಿಲಿಮೀಟರ್ ಕುಗ್ಗುವುದರಿಂದ ಅಲ್ಲಿ ತಂತಿ ಇನ್ನಷ್ಟು ಸಡಿಲವೇ ಆಗುತ್ತದೆ. ಅದೇ ಹಾರ್ನೆಸ್ ಕಾರ್ಬನ್ ಫೈಬರ್ ಪ್ಯಾನೆಲಿನ ಮೇಲಿದ್ದರೆ ಪೂರ್ತಿ 1.4 ಮಿಲಿಮೀಟರ್ ಬಿಗಿಯಾಗಿ ಕೊನೆಯ ಕಟ್ಟಿನಿಂದಾಚೆಗಿನ ಕನೆಕ್ಟರನ್ನು ಎಳೆಯುತ್ತದೆ. ಅಂದರೆ ಅಲ್ಯೂಮಿನಿಯಂ ಪ್ಯಾನೆಲಿನಲ್ಲಿ ತಣ್ಣಗಿನ ದೋಷಕ್ಕೆ ಹಾರ್ನೆಸ್ ಬಿಗಿತವನ್ನು ಕಾರಣವೆಂದು ಹೇಳಿದರೆ ಲೆಕ್ಕ ಹೊಂದುವುದಿಲ್ಲ, ಕಾರ್ಬನ್ ಫೈಬರಿನಲ್ಲಿ ಹೊಂದುತ್ತದೆ. ಈ ಸರಳ ಲೆಕ್ಕವನ್ನು ಮಾಡದೆ ಊಹೆಯ ಮೇಲೆ ವಾದಿಸುವುದನ್ನು ಸಭೆಗಳಲ್ಲಿ ಮತ್ತೆ ಮತ್ತೆ ಕಾಣುತ್ತೇವೆ.

ತಣ್ಣಗಿನ ಹಂತದಲ್ಲಿ ಹೀಟರುಗಳೂ ಹೆಚ್ಚು ಆನ್-ಆಫ್ ಆಗುವುದರಿಂದ ಇನ್ನೊಂದು ಸಾಧ್ಯತೆಯನ್ನೂ ಹೊರಗಿಡಬೇಕು. ದೋಷ ತಣ್ಣಗಾದದ್ದರಿಂದ ಬಂತೋ, ಹೀಟರ್ ಸ್ವಿಚ್ ಆಗುವಾಗಿನ ಸ್ಪೈಕಿನಿಂದ ಬಂತೋ? ಥರ್ಮಲ್ ತಂಡದ ಒಪ್ಪಿಗೆ ಪಡೆದು, ತಾಪ ಅನುಮತಿಸಿದ ಮಿತಿಯೊಳಗಿರುವಷ್ಟು ಹೊತ್ತು ಮಾತ್ರ, ಸ್ವಯಂಚಾಲಿತ ಹೀಟರ್ ನಿಯಂತ್ರಣವನ್ನು ನಿಲ್ಲಿಸಿ ನೋಡಿ. ಬೆಚ್ಚಗಿರುವಾಗ ಅದೇ ಹೀಟರುಗಳನ್ನು ಕಮಾಂಡ್ ಮೂಲಕ ಆನ್-ಆಫ್ ಮಾಡಿಯೂ ನೋಡಿ. ಎರಡೂ ಪ್ರಯೋಗಗಳ ಫಲ ಒಂದನ್ನೊಂದು ಸಮರ್ಥಿಸಿದರೆ ಈ ಪ್ರಶ್ನೆ ಮುಗಿಯಿತು.

ಚೇಂಬರ್ ತೆರೆಯುವಾಗ

ಇಷ್ಟೆಲ್ಲ ಮುಗಿದು, ದೋಷ ಒಂದು ಸ್ಟಬ್‌ಗೆ ಸೀಮಿತ ಎಂದು ಖಚಿತವಾದ ಮೇಲೆ ಚೇಂಬರ್ ತೆರೆಯುವ ನಿರ್ಧಾರಕ್ಕೆ ಬನ್ನಿ. 22 ಡಿಗ್ರಿ ತಾಪ, ಶೇ. 55 ಆರ್ದ್ರತೆಯ ಕ್ಲೀನ್‌ರೂಮಿನ ಗಾಳಿಯಲ್ಲಿ 12ರಿಂದ 13 ಡಿಗ್ರಿಗೇ ಇಬ್ಬನಿ ಕಟ್ಟುತ್ತದೆ. ಉಪಗ್ರಹದ ಪ್ರತಿಯೊಂದು ಭಾಗವನ್ನೂ ಕೋಣೆಯ ತಾಪಕ್ಕಿಂತ ತುಸು ಮೇಲಕ್ಕೆ ತಂದು, ಒಣ ನೈಟ್ರೋಜನ್ ತುಂಬಿದ ನಂತರವೇ ಬಾಗಿಲು ತೆರೆಯಬೇಕು. ಒದ್ದೆಯಾದ ಕನೆಕ್ಟರಿನಲ್ಲಿ ಮೂಲ ದೋಷದ ಗುರುತು ಉಳಿಯುವುದಿಲ್ಲ. ಇಡೀ ತಂಡ ಪಾಲಿಸಬೇಕಾದ ನೈಟ್ರೋಜನ್ ಸುರಕ್ಷತಾ ನಿಯಮ, ಅಂದರೆ ಆಮ್ಲಜನಕದ ಮಟ್ಟ ಅಳೆದ ಮೇಲೆಯೇ ಒಳಹೋಗುವುದು, ಯಾವ ತುರ್ತಿನಲ್ಲೂ ಸಡಿಲವಾಗಕೂಡದು.

ಬಿಚ್ಚುವ ಮೊದಲು ಛಾಯಾಚಿತ್ರ ತೆಗೆಯಿರಿ: ಕನೆಕ್ಟರಿನ ಹಿಂಬದಿ, ಕೇಬಲ್ಲಿನ ತಿರುವು, ಕೊನೆಯ ಕಟ್ಟು, ಕನೆಕ್ಟರನ್ನು ಬಿಗಿಯುವ ಜ್ಯಾಕ್‌ಸ್ಕ್ರೂಗಳ ಸ್ಥಿತಿ. ಸ್ಕ್ರೂಗಳ ಟಾರ್ಕನ್ನು (ತಿರುಚುಬಲವನ್ನು) ಸಡಿಲಿಸುವಾಗಲೇ ದಾಖಲಿಸಬೇಕು. ಒಮ್ಮೆ ತಿರುಗಿಸಿದ ಮೇಲೆ ಅದು ಸಡಿಲವಾಗಿತ್ತೇ ಎಂದು ಹೇಳಲು ಯಾರಿಗೂ ಸಾಧ್ಯವಿಲ್ಲ. ಗುಣಮಟ್ಟ ವಿಭಾಗದ ಪ್ರತಿನಿಧಿ ಪಕ್ಕದಲ್ಲಿರಲಿ, ಮಣಿಕಟ್ಟಿನ ಸ್ಟ್ರ್ಯಾಪ್ ಪರೀಕ್ಷೆಯಾಗಿರಲಿ. ಫೆಬ್ರವರಿ, ಮಾರ್ಚ್ ತಿಂಗಳುಗಳಲ್ಲಿ ಬೆಂಗಳೂರಿನ ಗಾಳಿ ಒಣಗಿರುತ್ತದೆ. ಆರ್ದ್ರತೆ ನಿಯಂತ್ರಣ ತಪ್ಪಿದ ದಿನ ಸ್ಥಿರ ವಿದ್ಯುತ್ತಿನ ಅಪಾಯ ಹೆಚ್ಚು.

ಮುಖ್ಯ ಬಸ್ಸಿನ ಮೇಲೆ ಸಂಶಯವಿದ್ದವರು ಮಲ್ಟಿಮೀಟರ್ ಇಟ್ಟು 39 ಓಮ್ ನಿರೀಕ್ಷಿಸುತ್ತಾರೆ, ಏಕೆಂದರೆ ಎರಡು ತುದಿಗಳಲ್ಲೂ 78 ಓಮಿನ ಟರ್ಮಿನೇಟರ್ ಇರುತ್ತದೆ. ಆ ಸಂಖ್ಯೆ ಸಿಗುವುದಿಲ್ಲ. ಪ್ರತಿ ಕಪ್ಲರಿನ ಟ್ರಾನ್ಸ್‌ಫಾರ್ಮರ್ ಸುತ್ತು ಡಿಸಿಗೆ ಬರೀ ತಂತಿಯೇ. ಅದರ ಎರಡು ಐಸೊಲೇಷನ್ ರೆಸಿಸ್ಟರುಗಳು, ತಲಾ ಸುಮಾರು 58 ಓಮ್, ಟರ್ಮಿನೇಟರುಗಳಿಗೆ ಸಮಾಂತರವಾಗಿ ಕೂರುತ್ತವೆ. ಎಂಟು ಕಪ್ಲರುಗಳಿರುವ ಬಸ್ಸಿನಲ್ಲಿ ಹತ್ತು ಹನ್ನೊಂದು ಓಮ್ ಕಾಣುವುದು ಸಹಜ; ಒಂದು ಟರ್ಮಿನೇಟರ್ ತೆರೆದುಕೊಂಡರೆ ಅದು ಹನ್ನೆರಡರ ಮೇಲೆ ಹೋಗುತ್ತದೆ, ಅಷ್ಟೇ. ವ್ಯತ್ಯಾಸ ಇಷ್ಟು ಚಿಕ್ಕದಾದ್ದರಿಂದ ಜೋಡಣೆಯ ಸಮಯದಲ್ಲಿ ಇದೇ ಉಪಗ್ರಹದ ಮೇಲೆ ಬರೆದಿಟ್ಟ ಅಳತೆ ಇದ್ದರೆ ಮಾತ್ರ ಈ ಪರೀಕ್ಷೆಗೆ ಬೆಲೆ. ಅಂಥ ಅಳತೆಗಳಿಗೆ ಜೋಡಣೆಯ ವೇಳಾಪಟ್ಟಿಯಲ್ಲಿ ಜಾಗ ಸಿಗುವಂತೆ ಹಟ ಹಿಡಿಯುವುದು ಎಲೆಕ್ಟ್ರಿಕಲ್ ಎಂಜಿನಿಯರಿನ ಕರ್ತವ್ಯವೆಂದೇ ನನ್ನ ನಂಬಿಕೆ.

ಸ್ಟಬ್ ಪರೀಕ್ಷೆಗೆ ಬೀಪ್ ಮಾಡುವ ಕಂಟಿನ್ಯುಟಿ ಸಾಲದು. ಹತ್ತಾರು ಓಮ್ ಇದ್ದರೂ ಅದು ಬೀಪ್ ಮಾಡಬಲ್ಲದು. ನಾಲ್ಕು ತಂತಿಯ ವಿಧಾನದಲ್ಲಿ ಮಿಲಿಓಮ್ ಮಟ್ಟಕ್ಕೆ ಅಳೆಯಬೇಕು, ಅಳೆಯುತ್ತಾ ಕೇಬಲ್ಲನ್ನು ಕನೆಕ್ಟರಿನ ಹಿಂದೆ ಬಹಳ ಮೆಲ್ಲಗೆ, ಒಪ್ಪಿಗೆಯಾದ ವಿಧಾನದಂತೆ ಮಾತ್ರ, ಅಲುಗಿಸಬೇಕು. ಮೀಟರಿನ ಮೊನೆಯನ್ನು ಸಾಕೆಟ್ಟಿನೊಳಗೆ ಎಂದೂ ತೂರಿಸಬೇಡಿ. ಸಾಕೆಟ್ಟಿನ ತೆಳುವಾದ ಸೀಳುಗಳು ಅರಳಿ ಹಿಡಿತ ಕಳೆದುಕೊಳ್ಳುತ್ತವೆ. ನೀವು ಹುಡುಕುತ್ತಿರುವ ದೋಷ ಹಿಂದೊಮ್ಮೆ ಹೀಗೆಯೇ ಹುಟ್ಟಿರಲೂಬಹುದು. ಅಳತೆಯೆಲ್ಲ ಪಿನ್ನುಗಳ ಸಂಪರ್ಕವನ್ನು ಹೊರಗೆ ತಂದುಕೊಡುವ ಬ್ರೇಕ್‌ಔಟ್ ಬಾಕ್ಸ್ ಮತ್ತು ಮೂಲ ಕನೆಕ್ಟರ್ ಸವೆಯದಂತೆ ನಡುವೆ ಹಾಕುವ ಕನೆಕ್ಟರ್ ಸೇವರ್ ಮೂಲಕವೇ ಆಗಬೇಕು. ನಿರೋಧನ ಅಳೆಯಲು 500 ವೋಲ್ಟಿನ ಮೆಗ್ಗರನ್ನು ಜೋಡಣೆಯಾದ ಉಪಗ್ರಹದ ಹತ್ತಿರವೂ ತರಬೇಡಿ.

ಕಣ್ಣಿನ ಪರೀಕ್ಷೆಯಲ್ಲಿ ಮೊದಲು ಹುಡುಕಬೇಕಾದದ್ದು ಹಿಂದಕ್ಕೆ ಸರಿದ ಸಾಕೆಟ್. ಕ್ರಿಂಪ್ ಮಾಡಿದ (ತಂತಿಗೆ ಒತ್ತಿ ಸೇರಿಸಿದ) ಸಾಕೆಟ್ ಕನೆಕ್ಟರಿನೊಳಗೆ ಪೂರ್ತಿ ಕೂರದೆ, ಹಿಡಿಯುವ ಕ್ಲಿಪ್ಪಿಗೆ ಸಿಕ್ಕದೆ ಇದ್ದರೆ ಪಿನ್ನಿನ ತುದಿಯನ್ನಷ್ಟೇ ಮುಟ್ಟಿಕೊಂಡು ಎಲ್ಲ ಸಾಮಾನ್ಯ ಪರೀಕ್ಷೆಗಳನ್ನೂ ದಾಟಿಬಿಡುತ್ತದೆ. ತಂತಿ ತಣ್ಣಗಾಗಿ ಎಳೆದಾಗ ಅದು ಕೂದಲೆಳೆಯಷ್ಟು ಹಿಂದೆ ಸರಿದರೂ ಸಾಕು. ಅಕ್ಕಪಕ್ಕದ ಸಾಕೆಟ್ಟುಗಳ ಮಟ್ಟಕ್ಕೆ ಹೋಲಿಸಿ ಭೂತಗನ್ನಡಿಯಲ್ಲಿ ನೋಡಿದರೆ ಇದು ಕಾಣುತ್ತದೆ. ಖಚಿತಪಡಿಸಲು ನಿಗದಿತ ಬಲಕ್ಕೆ ಸಾಕೆಟ್ ಸರಿಯುತ್ತದೆಯೇ ಎಂದು ನೋಡುವ ರಿಟೆನ್ಷನ್ ಪರೀಕ್ಷೆಯ ಸಾಧನವಿದೆ. ಅಲ್ಲಿ ಏನೂ ಸಿಗದಿದ್ದರೆ ಗೇಜ್ ಪಿನ್ನಿನಿಂದ ಸಾಕೆಟ್ಟಿನ ಹಿಡಿತ, ಆಮೇಲೆ ಕ್ರಿಂಪ್, ಆಮೇಲೆ ಶೀಲ್ಡ್ ಕೊನೆಯಾಗುವ ಜಾಗ. ಇನ್ನೂ ಒಳಗೆ ಹೋಗಬೇಕಾದರೆ ಪಲ್ಸ್ ಕಳಿಸಿ ಅದರ ಪ್ರತಿಫಲನ ಮರಳುವ ಸಮಯ ಅಳೆಯುವ ಟಿಡಿಆರ್ ಇದೆ: ಇಂಥ ಕೇಬಲ್ಲಿನಲ್ಲಿ ಪಲ್ಸ್ ಬೆಳಕಿನ ವೇಗದ ಸುಮಾರು ಶೇ. 70ರಷ್ಟು ವೇಗದಲ್ಲಿ ಸಾಗುವುದರಿಂದ ಹೋಗಿ ಬರುವ ಪ್ರತಿ ನ್ಯಾನೋಸೆಕೆಂಡಿಗೆ ಸುಮಾರು 10 ಸೆಂಟಿಮೀಟರ್ ಎಂದು ಎಣಿಸಿ ದೋಷ ಕನೆಕ್ಟರಿನಲ್ಲಿದೆಯೋ ಕಪ್ಲರಿನಲ್ಲಿದೆಯೋ ಹೇಳಬಹುದು.

ದುರಸ್ತಿಯಾದ ಮೇಲೆ, ಮತ್ತು ದೋಷ ಸಿಗದಿದ್ದಾಗ

ಸಾಕೆಟ್ ಬದಲಿಸಿದ ಮೇಲೆ ಕೋಣೆಯ ತಾಪದಲ್ಲಿ ಎಲ್ಲವೂ ಸರಿಯಾಗಿ ನಡೆಯಿತು ಎಂಬುದು ಪುರಾವೆಯಲ್ಲ. ದುರಸ್ತಿಗೆ ಮುಂಚೆಯೂ ಕೋಣೆಯ ತಾಪದಲ್ಲಿ ಸರಿಯಾಗಿಯೇ ನಡೆಯುತ್ತಿತ್ತು. ದೋಷ ಬಂದಿದ್ದ ಅದೇ ತಾಪಕ್ಕೆ, ಅದೇ ವೇಗದಲ್ಲಿ, ಅದೇ ಹೀಟರ್ ಸ್ಥಿತಿಯಲ್ಲಿ ಇಳಿಸಿ, ಉತ್ತರದ ಅಲೆಯ ಎತ್ತರ ಈ ಸಲ ಸಮತಟ್ಟಾಗಿ ಉಳಿಯುವುದನ್ನು ಗ್ರಾಫಿನಲ್ಲಿ ತೋರಿಸಬೇಕು. ಅದೇ ಹಾರ್ನೆಸ್ ತಂಡ, ಅದೇ ಅವಧಿಯಲ್ಲಿ ಕ್ರಿಂಪ್ ಮಾಡಿದ ಬೇರೆ ಕನೆಕ್ಟರುಗಳ ಪಟ್ಟಿಯನ್ನು ತೆಗೆದು ಅವುಗಳ ರಿಟೆನ್ಷನ್ ಪರೀಕ್ಷೆಯನ್ನೂ ಮಾಡಿಸಿ.

ಬಿಚ್ಚಿ ನೋಡಿದಾಗ ಏನೂ ಕಾಣದೆ, ಮತ್ತೆ ಜೋಡಿಸಿದಾಗ ದೋಷವೂ ಮರಳದೆ ಇರುವ ಸಂದರ್ಭ ನಿಜವಾಗಿಯೂ ಕಷ್ಟದ್ದು. ಆಗ ವೇಳಾಪಟ್ಟಿಯ ಒತ್ತಡ ಎಷ್ಟೇ ಇದ್ದರೂ ವರದಿಯನ್ನು ‘ಪುನರಾವರ್ತನೆಯಾಗಲಿಲ್ಲ’ ಎಂದು ಮುಚ್ಚುವುದಕ್ಕೆ ನನ್ನ ಒಪ್ಪಿಗೆ ಇಲ್ಲ. ಸಂಶಯದ ವ್ಯಾಪ್ತಿಯಲ್ಲಿ ಉಳಿದ ಪ್ರತಿಯೊಂದನ್ನೂ, ಸ್ಟಬ್ ಕೇಬಲ್, ಎರಡು ತುದಿಯ ಸಂಪರ್ಕಗಳು, ಕಪ್ಲರ್, ಬದಲಾಯಿಸಬೇಕು; ತೆಗೆದದ್ದನ್ನು ಎಸೆಯದೆ ಗುರುತಿನ ಚೀಟಿಯೊಂದಿಗೆ ಎತ್ತಿಟ್ಟು ಪ್ರತ್ಯೇಕ ಚಿಕ್ಕ ಚೇಂಬರಿನಲ್ಲಿ ಅದೇ ತಾಪಚಕ್ರಕ್ಕೆ ಒಳಪಡಿಸಿ, ಉದ್ದಕ್ಕೂ ಪ್ರತಿರೋಧವನ್ನು ದಾಖಲಿಸಬೇಕು. ಬದಲಾಯಿಸಲು ಆಗದ ಭಾಗ ಉಳಿದರೆ ಆ ಪ್ಯಾಕೇಜ್ ‘ಎ’ ಬಸ್ಸಿನಲ್ಲಿ ಪೂರ್ಣವಾಗಿ ಮೌನವಾದರೂ ‘ಬಿ’ ಬಸ್ಸಿನ ಮೂಲಕ ಕೆಲಸ ಮುಂದುವರಿಯುವಂತೆ ಆನ್‌ಬೋರ್ಡ್ ಸಾಫ್ಟ್‌ವೇರ್ ತಾನಾಗಿ ಬದಲಿಸಿಕೊಳ್ಳುತ್ತದೆಯೇ ಎಂಬುದನ್ನು, ‘ಎ’ ಬಸ್ಸನ್ನು ಉದ್ದೇಶಪೂರ್ವಕವಾಗಿ ನಿಷ್ಕ್ರಿಯಗೊಳಿಸಿ, ತಣ್ಣಗಿನ ಹಂತದಲ್ಲೇ ಪರೀಕ್ಷಿಸಿ ತೋರಿಸಬೇಕು. ಆ ಪರೀಕ್ಷೆಯ ದಾಖಲೆ ಉಡಾವಣೆಯ ನಂತರ ಉಪಗ್ರಹವನ್ನು ನೋಡಿಕೊಳ್ಳುವ ಕಾರ್ಯಾಚರಣೆ ತಂಡದ ಕೈಗೂ ಸೇರಬೇಕು.